ಭೌತಶಾಸ್ತ್ರವನ್ನೇ ಓದಬೇಕೆಂದಿರುವ ಪಿಯು ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ವಿದ್ಯಾರ್ಥಿಗಳೇ,

ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿರುವ ಎಲ್ಲರಿಗೂ ಬರೆಯುತ್ತಿರುವ ಪತ್ರ ಇದಲ್ಲ. ಎಂಜಿನಿಯರ್ ಆಗಬೇಕು, ಡಾಕ್ಟರ್ ಆಗಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡವರಿಗೆ ದಾರಿ ಹೇಳುವವರು ಬೀದಿಗೊಬ್ಬರು ಸಿಗುತ್ತಾರೆ. ಫಿಸಿಕ್ಸ್ ಲೆಕ್ಕವೊಂದು ಬಿಡಿಸಲಾಗದೆ ರಾತ್ರಿ ನಿದ್ದೆಗೆಟ್ಟವರು, ಬಿಡಿಸಿದ ಮೇಲೂ ‘ಅದು ಹಾಗೇ ಯಾಕೆ?’ ಎಂದು ಕೇಳುವವರು, ಆದರೆ ‘ಬಿಎಸ್ಸಿ ಮಾಡಿ ಮುಂದೇನು ಮಾಡ್ತೀಯ?’ ಎಂದು ಮನೆಯವರು ಕೇಳಿದಾಗ ಸುಮ್ಮನಾಗುವವರು ನಿಮ್ಮ ನಡುವೆ ಇದ್ದೀರಿ. ಪ್ರತಿ ತರಗತಿಯಲ್ಲಿ ಇಬ್ಬರೋ ಮೂವರೋ ಇರುತ್ತೀರಿ. ಈ ಪತ್ರ ನಿಮಗೆ.

ತಾಲ್ಲೂಕು ಕೇಂದ್ರದ ಪ್ರಥಮ ದರ್ಜೆ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ ಬಂದವನು ನಾನು. ವರ್ಷ ವರ್ಷವೂ ಒಂದೇ ದೃಶ್ಯ ಕಾಣುತ್ತೇನೆ. ಪಿಯು ಫಲಿತಾಂಶ ಬಂದು, ಸಿಇಟಿ ಸೀಟಿನ ಲೆಕ್ಕಾಚಾರವೆಲ್ಲ ಮುಗಿದು, ಕೊನೆಗೆ ನಮ್ಮ ಕಾಲೇಜಿನ ಕೌಂಟರಿಗೆ ಬಂದು ನಿಲ್ಲುವ ಹುಡುಗ ಹುಡುಗಿಯರು ಐದು ನಿಮಿಷದಲ್ಲಿ ಕಾಂಬಿನೇಷನ್ ಆರಿಸಿಬಿಡುತ್ತಾರೆ. ಗೆಳತಿ ತೆಗೆದುಕೊಂಡಳು ಎಂದು, ಕಂಪ್ಯೂಟರ್ ಇದ್ದರೆ ಕೆಲಸ ಸಿಗುತ್ತದೆ ಎಂದು ಯಾರೋ ಹೇಳಿದರೆಂದು, ಗಣಿತ ಕಷ್ಟ ಎಂದು. ಆ ಐದು ನಿಮಿಷ ಮುಂದಿನ ಹತ್ತು ವರ್ಷವನ್ನು ನಿರ್ಧರಿಸುತ್ತದೆ ಎಂಬುದನ್ನು ಅವರಿಗೆ ಮೊದಲೇ ಯಾರೂ ಹೇಳಿರುವುದಿಲ್ಲ. ನಾನು ಹೇಳಬೇಕಾದದ್ದು ಒಂದೇ ಮಾತು. ಭೌತಶಾಸ್ತ್ರದ ಪದವಿಯನ್ನು ಕಾಲೇಜಿನ ಹೆಸರು ನೋಡಿ ಆರಿಸಬೇಡಿ. ಆ ಪದವಿಯಲ್ಲಿ ಏನೇನು ಓದಿಸುತ್ತಾರೆ, ಎಷ್ಟು ಗಣಿತ ಇದೆ, ಲ್ಯಾಬಿನಲ್ಲಿ ನಿಮ್ಮ ಕೈಗೆ ಏನು ಕೊಡುತ್ತಾರೆ ಎಂಬುದನ್ನು ನೋಡಿ ಆರಿಸಿ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡುತ್ತೇನೆ. ‘ಫಿಸಿಕ್ಸ್ ಇಷ್ಟವಿದ್ದರೆ ಬಿಇ ಸೇರು, ಅಲ್ಲಿಯೂ ಫಿಸಿಕ್ಸ್ ಇರುತ್ತದಲ್ಲ’ ಎನ್ನುತ್ತಾರೆ. ವಿಟಿಯು ಕಾಲೇಜುಗಳಲ್ಲಿ ಮೊದಲ ವರ್ಷದವರನ್ನು ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂದು ವಿಂಗಡಿಸುತ್ತಾರೆ. ನಿಮ್ಮ ಪಾಲಿಗೆ ಬರುವುದು ಒಂದು ಸೆಮಿಸ್ಟರಿನ ಒಂದು ಫಿಸಿಕ್ಸ್ ಕೋರ್ಸ್. ಅದು ಮುಗಿದರೆ ಭೌತಶಾಸ್ತ್ರ ಎಂಬ ಹೆಸರಿನ ಪಾಠ ಮತ್ತೆ ಬರುವುದು ಅಪರೂಪ. ಎಂಜಿನಿಯರಿಂಗ್ ಒಳ್ಳೆಯ ವಿದ್ಯೆ, ಅದರ ಮೇಲೆ ನನಗೆ ಯಾವ ತಕರಾರೂ ಇಲ್ಲ. ಆದರೆ ಕ್ವಾಂಟಮ್ ಮೆಕ್ಯಾನಿಕ್ಸ್ ಕಲಿಯಬೇಕು, ನಕ್ಷತ್ರ ಉರಿಯುವುದು ಹೇಗೆ ಎಂದು ತಿಳಿಯಬೇಕು ಎಂದು ಹೊರಟವರಿಗೆ ಆ ದಾರಿ ಅಲ್ಲಿ ಸಿಗುವುದಿಲ್ಲ.

ಈಗ ಮನೆಯ ಹತ್ತಿರದ ಬಿಎಸ್ಸಿಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಿಮ್ಮಲ್ಲಿ ಹೆಚ್ಚಿನವರು ಸೇರುವುದು ಅಲ್ಲಿಗೇ. ಕರ್ನಾಟಕದ ಬಿಎಸ್ಸಿ ಕೆಲವೇ ವರ್ಷಗಳಲ್ಲಿ ಎರಡು ಬಾರಿ ರೂಪ ಬದಲಿಸಿತು. ಮೂರು ವರ್ಷ, ಮೂರು ಐಚ್ಛಿಕ ವಿಷಯ ಎಂಬುದು ನಮ್ಮ ಹಳೆಯ ಪದ್ಧತಿ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಎರಡು ಮುಖ್ಯ ವಿಷಯ, ನಾಲ್ಕನೆಯ ವರ್ಷಕ್ಕೆ ಆನರ್ಸ್ ಎಂದು ಬಂತು. 2024ರಲ್ಲಿ ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ ಸರ್ಕಾರ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು, ಮೂರು ವರ್ಷ, ಮೂರು ಮೇಜರ್ ವ್ಯವಸ್ಥೆಗೆ ಮರಳಿತು. ನಿಮ್ಮ ಅಕ್ಕನೋ ಅಣ್ಣನೋ ಹೇಳುವ ಬಿಎಸ್ಸಿ ನೀವು ಸೇರಲಿರುವ ಬಿಎಸ್ಸಿ ಆಗಿರಲಾರದು. ಅವರ ಅನುಭವ ಕೇಳಿ, ಆದರೆ ಪಠ್ಯಕ್ರಮವನ್ನು ನೀವು ಸೇರುವ ವಿಶ್ವವಿದ್ಯಾಲಯದ ಈ ವರ್ಷದ ಹಾಳೆಯಲ್ಲೇ ನೋಡಿ.

ಎರಡೇ ಮೇಜರ್ ಇದ್ದ ಆ ಮೂರು ವರ್ಷಗಳಲ್ಲಿ ಆದ ಒಂದು ನಷ್ಟವನ್ನು ನಿಮಗೆ ಹೇಳಲೇಬೇಕು. ಭೌತಶಾಸ್ತ್ರದ ಜೊತೆ ರಸಾಯನಶಾಸ್ತ್ರವನ್ನೋ ಎಲೆಕ್ಟ್ರಾನಿಕ್ಸನ್ನೋ ತೆಗೆದುಕೊಂಡು ಗಣಿತವನ್ನು ಪೂರ್ತಿ ಬಿಟ್ಟುಬಿಡಲು ಆಗ ಅವಕಾಶವಿತ್ತು. ಬಿಟ್ಟವರು ಬಹಳ ಮಂದಿ. ಎಂಎಸ್ಸಿ ಫಿಸಿಕ್ಸಿಗೆ ಅರ್ಜಿ ಹಾಕುವ ಹೊತ್ತಿಗೆ ಅವರಿಗೆ ಬಾಗಿಲು ಮುಚ್ಚಿರುವುದು ಗೊತ್ತಾಯಿತು, ಯಾಕೆಂದರೆ ಪದವಿಯಲ್ಲಿ ಗಣಿತವನ್ನೂ ಓದಿರಬೇಕು ಎಂದು ಕೇಳುವ ವಿಶ್ವವಿದ್ಯಾಲಯಗಳು ಅನೇಕ. ನಿಯಮದ ಮಾತು ಬಿಡಿ. ವೆಕ್ಟರ್ ಕ್ಯಾಲ್ಕುಲಸ್ ಇಲ್ಲದೆ ವಿದ್ಯುತ್ಕಾಂತತೆಯನ್ನು ಕಲಿಯಲು ಆಗುವುದಿಲ್ಲ. ಡಿಫರೆನ್ಷಿಯಲ್ ಸಮೀಕರಣ ಬಿಡಿಸಲು ಬಾರದಿದ್ದರೆ ಶ್ರೋಡಿಂಗರ್ ಸಮೀಕರಣ ಬರಿಯ ಚಿತ್ರವಾಗಿ ಉಳಿಯುತ್ತದೆ. ಮ್ಯಾಟ್ರಿಕ್ಸ್, ಐಗನ್ ಮೌಲ್ಯ ತಿಳಿಯದಿದ್ದರೆ ಕ್ವಾಂಟಮ್ ಮೆಕ್ಯಾನಿಕ್ಸಿನ ಎರಡನೆಯ ಅಧ್ಯಾಯ ದಾಟುವುದಿಲ್ಲ. ಗಣಿತ ಭೌತಶಾಸ್ತ್ರದ ಜೊತೆಗಿಡುವ ಇನ್ನೊಂದು ವಿಷಯವಲ್ಲ, ಅದು ಈ ಶಾಸ್ತ್ರ ಮಾತಾಡುವ ಭಾಷೆ. ಯಾವ ಕಾಲೇಜಿಗೆ ಸೇರಿದರೂ, ಯಾವ ಕಾಂಬಿನೇಷನ್ ಆರಿಸಿದರೂ ಗಣಿತವನ್ನು ಮಾತ್ರ ಬಿಡಬೇಡಿ. ಈ ಪತ್ರದಲ್ಲಿ ಬೇರೇನು ಮರೆತರೂ ಇದನ್ನು ಮರೆಯಬೇಡಿ.

ಗಣಿತ ಇದ್ದರೆ ಮೂರನೆಯ ವಿಷಯ ಯಾವುದು ಎಂಬ ಪ್ರಶ್ನೆ ಅಷ್ಟು ದೊಡ್ಡದಲ್ಲ. ಭೌತ, ರಸಾಯನ, ಗಣಿತ ಸೇರಿದ ಪಿಸಿಎಂ ಹಳೆಯದು, ಗಟ್ಟಿಯಾದದ್ದು. ಪ್ರೌಢಶಾಲೆಯ ಶಿಕ್ಷಕರಾಗುವ ಆಸೆ ಇದ್ದರೆ ಇದೇ ಸರಿ, ನೇಮಕಾತಿಯಲ್ಲಿ ‘ಪಿಸಿಎಂ ಶಿಕ್ಷಕ’ ಎಂದೇ ಹುದ್ದೆ ಕರೆಯುತ್ತಾರೆ. ಎಲೆಕ್ಟ್ರಾನಿಕ್ಸ್ ಇರುವ ಪಿಎಂಇ, ಉಪಕರಣ ಕಟ್ಟುವುದರಲ್ಲಿ ಕೈ ಪಳಗಿಸಿಕೊಳ್ಳುವವರಿಗೆ ಚೆನ್ನ. ಕಂಪ್ಯೂಟರ್ ಸೈನ್ಸ್ ಇರುವ ಪಿಎಂಸಿಎಸ್‌ಗೆ ಈಗ ಬೇಡಿಕೆ ಹೆಚ್ಚು. ಪ್ರೋಗ್ರಾಮಿಂಗ್ ಇಂದಿನ ಭೌತಶಾಸ್ತ್ರಕ್ಕೆ ಬೇಕೇ ಬೇಕು. ಖಗೋಳ ವಿಜ್ಞಾನದಿಂದ ಹಿಡಿದು ಘನವಸ್ತು ಭೌತಶಾಸ್ತ್ರದವರೆಗೆ ಎಲ್ಲರೂ ಕೋಡ್ ಬರೆಯುತ್ತಾರೆ. ಆದರೆ ಪೈಥಾನನ್ನು ರಜೆಯಲ್ಲಿ ಸ್ವಂತವಾಗಿಯೂ ಕಲಿಯಬಹುದು. ಪ್ರಯೋಗಾಲಯವನ್ನೂ ಗಣಿತವನ್ನೂ ಹಾಗೆ ಒಬ್ಬರೇ ಕೂತು ಕಲಿಯುವುದು ಕಷ್ಟ. ಸ್ಟ್ಯಾಟಿಸ್ಟಿಕ್ಸ್ ಸಿಗುವ ಕಾಲೇಜುಗಳು ಕಡಿಮೆ, ಸಿಕ್ಕರೆ ಅದೂ ಒಳ್ಳೆಯ ಜೊತೆ.

ನಮ್ಮ ಮೂರು ಮೇಜರ್ ಪದ್ಧತಿಯ ಒಳ್ಳೆಯದನ್ನೂ ಕೊರತೆಯನ್ನೂ ನೇರವಾಗಿ ಹೇಳುತ್ತೇನೆ. ಒಳ್ಳೆಯದು ಅದರ ಹರಹು. ಮೂರು ವರ್ಷವೂ ಗಣಿತ, ಮೂರು ವರ್ಷವೂ ಇನ್ನೊಂದು ವಿಜ್ಞಾನ ಜೊತೆಗಿರುತ್ತದೆ. ಕೊರತೆ ಆಳದ್ದು. ಮೊದಲ ನಾಲ್ಕು ಸೆಮಿಸ್ಟರ್‌ಗಳಲ್ಲಿ ಭೌತಶಾಸ್ತ್ರಕ್ಕೆ ಸಾಮಾನ್ಯವಾಗಿ ಒಂದೊಂದೇ ಥಿಯರಿ ಪತ್ರಿಕೆ, ಒಂದೊಂದು ಪ್ರಾಕ್ಟಿಕಲ್. ಯಂತ್ರಶಾಸ್ತ್ರ ಮತ್ತು ದ್ರವ್ಯಗುಣ, ವಿದ್ಯುತ್ತು ಮತ್ತು ಕಾಂತತೆ, ಅಲೆಗಳು ಮತ್ತು ದ್ಯುತಿಶಾಸ್ತ್ರ, ಉಷ್ಣಶಾಸ್ತ್ರ ಹೀಗೆ ಮುಗಿಯುವಷ್ಟರಲ್ಲಿ ಎರಡು ವರ್ಷ ಕಳೆಯುತ್ತದೆ. ಕ್ವಾಂಟಮ್, ಪರಮಾಣು, ನ್ಯೂಕ್ಲಿಯರ್, ಘನಸ್ಥಿತಿ ಇವೆಲ್ಲ ಕೊನೆಯ ವರ್ಷಕ್ಕೆ ಒತ್ತಾಗಿ ಬರುತ್ತವೆ. ಪೂರ್ತಿ ಫಿಸಿಕ್ಸ್ ಆನರ್ಸ್ ಓದಿದ ಮಗುವಿಗೆ ಲಗ್ರಾಂಜಿಯನ್ ಮೆಕ್ಯಾನಿಕ್ಸ್, ಮ್ಯಾಕ್ಸ್‌ವೆಲ್ ಸಮೀಕರಣಗಳ ವಿವರವಾದ ಪಾಠ, ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ ಪೂರ್ಣ ಪತ್ರಿಕೆಗಳಾಗಿ ಸಿಕ್ಕಿರುತ್ತವೆ. ನಮ್ಮ ಮಗುವಿಗೆ ಅವು ಒಂದೆರಡು ಘಟಕವಾಗಿ ಸಿಗುತ್ತವೆ. ಎಂಎಸ್ಸಿ ಪ್ರವೇಶಕ್ಕೆ ಬರೆಯುವ ಐಐಟಿ ಜಾಮ್ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಅಂತಿಮ ವರ್ಷದಲ್ಲಿ ಮೊದಲ ಬಾರಿ ತೆರೆದಾಗ ನಮ್ಮ ಮಕ್ಕಳು ಹೆದರುವುದು ಇದರಿಂದಲೇ. ಬುದ್ಧಿ ಕಡಿಮೆಯಾಗಿ ಅಲ್ಲ.

ಈ ಕೊರತೆ ತುಂಬಿಕೊಳ್ಳಲು ದಾರಿಗಳಿವೆ. ಬೆಂಗಳೂರಿನಲ್ಲಿ ಓದುವವರು ಜವಾಹರಲಾಲ್ ನೆಹರು ತಾರಾಲಯದ ರೀಪ್ ಕಾರ್ಯಕ್ರಮವನ್ನು ತಪ್ಪಿಸಿಕೊಳ್ಳಬೇಡಿ. ಬಿಎಸ್ಸಿ ವಿದ್ಯಾರ್ಥಿಗಳಿಗೆಂದೇ ವಾರಾಂತ್ಯದಲ್ಲಿ ಭೌತಶಾಸ್ತ್ರದ ತರಗತಿ ನಡೆಸುತ್ತಾರೆ, ನಗರದ ಸಂಶೋಧನಾ ಸಂಸ್ಥೆಗಳ ವಿಜ್ಞಾನಿಗಳು ಬಂದು ಪಾಠ ಹೇಳುತ್ತಾರೆ. ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ನಿಯಸ್ ಶಿಬಿರ ಬೇರೆ ಊರಿನವರಿಗೂ ತೆರೆದಿದೆ. ಬೆಂಗಳೂರಿನಲ್ಲೇ ಇರುವ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ದೇಶದ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಇಂಥದ್ದೇ ಫೆಲೋಶಿಪ್ ಇದೆ. ಎರಡು ತಿಂಗಳು ನಿಜವಾದ ಪ್ರಯೋಗಾಲಯದಲ್ಲಿ, ನಿಜವಾದ ಸಂಶೋಧಕರ ಪಕ್ಕದಲ್ಲಿ ಕೆಲಸ ಮಾಡಿದ ವಿದ್ಯಾರ್ಥಿ ಕಾಲೇಜಿಗೆ ಮರಳಿದಾಗ ಕೇಳುವ ಪ್ರಶ್ನೆಗಳೇ ಬೇರೆಯಾಗಿರುತ್ತವೆ. ಅದನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ. ಊರಲ್ಲೇ ಕೂತು ಓದುವವರಿಗೆ ಎನ್‌ಪಿಟಿಇಎಲ್ ಪಾಠಗಳು ಉಚಿತ. ಫೈನ್‌ಮನ್ ಉಪನ್ಯಾಸಗಳ ಮೂರೂ ಸಂಪುಟ ಇಂಟರ್‌ನೆಟ್ಟಿನಲ್ಲಿ ಓದಲು ಉಚಿತವಾಗಿ ಸಿಗುತ್ತವೆ. ಗ್ರಿಫಿತ್ಸ್ ಬರೆದ ವಿದ್ಯುತ್ಕಾಂತತೆಯ ಪುಸ್ತಕ ಲೈಬ್ರರಿಯಲ್ಲಿ ಇಲ್ಲದಿದ್ದರೆ ತರಿಸಿಕೊಡಿ ಎಂದು ಪ್ರಾಂಶುಪಾಲರಿಗೆ ಅರ್ಜಿ ಬರೆಯಿರಿ. ಬರೆದು ಕೇಳಿದ್ದನ್ನು ಕಾಲೇಜುಗಳು ತರಿಸುತ್ತವೆ. ಕೇಳುವವರೇ ಕಡಿಮೆ.

ಊರಿನ ಕಾಲೇಜಿನ ಬಿಎಸ್ಸಿ ಎಂದರೆ ಕೊನೆಯ ಆಯ್ಕೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಾಸನ ಜಿಲ್ಲೆಯ ಆಲೂರಿನ ಎ.ಎಸ್. ಕಿರಣ್ ಕುಮಾರ್ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಆನರ್ಸ್ ಓದಿ, ಎಲೆಕ್ಟ್ರಾನಿಕ್ಸಿನಲ್ಲಿ ಎಂಎಸ್ಸಿ ಮಾಡಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂಟೆಕ್ ಮುಗಿಸಿ, 2015ರಿಂದ 2018ರವರೆಗೆ ಇಸ್ರೋ ಅಧ್ಯಕ್ಷರಾಗಿದ್ದರು. ಉಡುಪಿ ಹತ್ತಿರದ ಅದಮಾರಿನ ಯು.ಆರ್. ರಾವ್ ಬಿಎಸ್ಸಿ ಓದಿದ್ದು ಅನಂತಪುರದ ಸರ್ಕಾರಿ ಕಾಲೇಜಿನಲ್ಲಿ. ಬನಾರಸ್‌ನಲ್ಲಿ ಎಂಎಸ್ಸಿ ಮಾಡಿ, ವಿಕ್ರಮ್ ಸಾರಾಭಾಯಿ ಅವರ ಮಾರ್ಗದರ್ಶನದಲ್ಲಿ ಕಾಸ್ಮಿಕ್ ಕಿರಣಗಳ ಮೇಲೆ ಸಂಶೋಧನೆ ಮಾಡಿದವರು 1975ರ ಆರ್ಯಭಟ ಉಪಗ್ರಹದ ಹಿಂದೆ ನಿಂತರು. ಗೌರಿಬಿದನೂರು ಕಡೆಯ ಹೊಸೂರಿನಿಂದ ಓದಲೆಂದು ಬೆಂಗಳೂರಿಗೆ ನಡೆದೇ ಬಂದ ಎಚ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿತು, ಅಮೆರಿಕದ ಓಹಿಯೋದಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು, ಮತ್ತೆ ನ್ಯಾಷನಲ್ ಕಾಲೇಜಿಗೇ ಪಾಠ ಹೇಳಲು ಬಂದರು. ಹಾಗೆಂದು ಇವರು ಓದಿದ ಕಾಲದ ಆನರ್ಸ್ ಇಂದು ನಮ್ಮ ಕಾಲೇಜುಗಳಲ್ಲಿ ಇಲ್ಲ ಎಂಬುದನ್ನು ಮರೆಯಲಾಗದು. ಅವರಿಗೆ ಪದವಿಯೊಳಗೇ ಸಿಕ್ಕಿದ ಆಳವನ್ನು ನೀವು ಹೊರಗಿನಿಂದ ಹುಡುಕಿ ತರಬೇಕಾಗಿದೆ.

ಆ ಆಳವನ್ನೇ ಮೊದಲ ದಿನದಿಂದ ಕೊಡುವ ಸಂಸ್ಥೆಗಳ ಬಗ್ಗೆ ಈಗ ಹೇಳುತ್ತೇನೆ. ಇವುಗಳ ಹೆಸರು ಕೇಳಿದವರು ನಮ್ಮ ಜಿಲ್ಲೆಗಳಲ್ಲಿ ಬಹಳ ಕಡಿಮೆ. ಕೇಳಿದವರಿಗೂ ತಿಳಿಯುವಷ್ಟರಲ್ಲಿ ಅರ್ಜಿಯ ಕೊನೆಯ ದಿನ ದಾಟಿರುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಸಂಸ್ಥೆ, 2011ರಲ್ಲಿ ನಾಲ್ಕು ವರ್ಷದ ಪದವಿ ಶುರು ಮಾಡಿತು. ಈಗ ಅದಕ್ಕೆ ಬಿಎಸ್ ರಿಸರ್ಚ್ ಎಂದು ಹೆಸರು. ಮೊದಲ ಮೂರು ಸೆಮಿಸ್ಟರ್‌ಗಳಲ್ಲಿ ಎಲ್ಲರೂ ಭೌತ, ರಸಾಯನ, ಜೀವಶಾಸ್ತ್ರ, ಗಣಿತ, ಜೊತೆಗೆ ಎಂಜಿನಿಯರಿಂಗ್ ಮತ್ತು ಮಾನವಿಕ ವಿಷಯಗಳನ್ನು ಓದಬೇಕು. ಆಮೇಲೆ ಭೌತಶಾಸ್ತ್ರವನ್ನು ಮೇಜರ್ ಆಗಿ ಆರಿಸಿಕೊಳ್ಳಬಹುದು. ಕೊನೆಯ ವರ್ಷ ಸಂಶೋಧನಾ ಪ್ರಾಜೆಕ್ಟ್ ಕಡ್ಡಾಯ. ಪಿಯುಸಿಯಲ್ಲಿ ಭೌತ, ರಸಾಯನ, ಗಣಿತ ಓದಿರಬೇಕು. ಜೆಇಇ ಅಥವಾ ಮುಂದೆ ಹೇಳಲಿರುವ ಐಸರ್‌ಗಳು ನಡೆಸುವ ಐಎಟಿ ಪರೀಕ್ಷೆಯ ರ‍್ಯಾಂಕ್ ಮೇಲೆ ಪ್ರವೇಶ. ಸೀಟುಗಳು ಬಹಳ ಕಡಿಮೆ, ಸ್ಪರ್ಧೆ ಬಹಳ ಹೆಚ್ಚು. ಆದರೂ ಕರ್ನಾಟಕದ ಮಕ್ಕಳು ಮನೆಬಾಗಿಲಲ್ಲೇ ಇರುವ ಇದಕ್ಕೆ ಅರ್ಜಿಯನ್ನೇ ಹಾಕದೆ ಬಿಡುವುದು ನನಗೆ ಬೇಸರದ ವಿಷಯ.

ಐಸರ್ ಎಂದರೆ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು. ಪುಣೆ, ಕೋಲ್ಕತ್ತ, ಮೊಹಾಲಿ, ಭೋಪಾಲ್, ತಿರುವನಂತಪುರ, ತಿರುಪತಿ, ಬರ್ಹಾಂಪುರ ಹೀಗೆ ಏಳು ಇವೆ. ಮೊದಲನೆಯವು 2006ರಲ್ಲಿ ಶುರುವಾದವು. ತಿರುಪತಿಯೂ ಪುಣೆಯೂ ನಮಗೆ ದೂರವೇನಲ್ಲ. ಇಲ್ಲಿ ಐದು ವರ್ಷದ ಬಿಎಸ್-ಎಂಎಸ್ ಒಂದೇ ಓಟದಲ್ಲಿ ಮುಗಿಯುತ್ತದೆ. ಶುರುವಿನಲ್ಲಿ ಎಲ್ಲ ವಿಜ್ಞಾನಗಳು, ಮುಂದೆ ಹೋದಂತೆ ಆರಿಸಿದ ವಿಷಯ, ಕೊನೆಯ ವರ್ಷ ಪ್ರಬಂಧ. ಐಎಟಿ ಪರೀಕ್ಷೆ ಮೂರು ಗಂಟೆಯದು. ಭೌತ, ರಸಾಯನ, ಗಣಿತ, ಜೀವಶಾಸ್ತ್ರ ನಾಲ್ಕರಿಂದಲೂ 15ರಂತೆ 60 ಪ್ರಶ್ನೆಗಳು, ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಡಿತ. ಪಿಸಿಎಂಸಿ, ಪಿಸಿಎಂಇ ಓದಿದವರು ಜೀವಶಾಸ್ತ್ರದ ಆ 15 ಪ್ರಶ್ನೆ ಕಂಡು ಹಿಂದೆ ಸರಿಯಬೇಡಿ. ನಾಲ್ಕರಲ್ಲಿ ಮೂರು ವಿಷಯ ಪಿಯುಸಿಯಲ್ಲಿ ಓದಿದ್ದರೆ ಅರ್ಜಿ ಹಾಕಲು ಅಡ್ಡಿಯಿಲ್ಲ, ಮತ್ತು ಉಳಿದ ಮೂರು ವಿಷಯಗಳಲ್ಲಿ ಚೆನ್ನಾಗಿ ಮಾಡಿದವರು ಒಳಗೆ ಹೋಗಿದ್ದಾರೆ. ಪಿಸಿಎಂಬಿ ಓದಿದವರಿಗೆ ಇಲ್ಲಿ ಅನುಕೂಲ ಹೆಚ್ಚು. ನೀಟ್‌ಗೆ ಓದಿದ್ದು ವ್ಯರ್ಥವಾಯಿತು ಎಂದು ಕೊರಗುವ ಮಕ್ಕಳಲ್ಲಿ ಭೌತಶಾಸ್ತ್ರವನ್ನು ಪ್ರೀತಿಸುವವರು ಇದ್ದರೆ, ಈ ಪರೀಕ್ಷೆ ನಿಮ್ಮದೇ.

ಭುವನೇಶ್ವರದ ನೈಸರ್ ಮತ್ತು ಮುಂಬೈ ವಿಶ್ವವಿದ್ಯಾಲಯದ ಆವರಣದಲ್ಲಿರುವ ಸಿಇಬಿಎಸ್, ಎರಡೂ ಅಣುಶಕ್ತಿ ಇಲಾಖೆಯ ಆಶ್ರಯದಲ್ಲಿ ನಡೆಯುತ್ತವೆ. ಐದು ವರ್ಷದ ಇಂಟಿಗ್ರೇಟೆಡ್ ಎಂಎಸ್ಸಿ, ನೆಸ್ಟ್ ಪರೀಕ್ಷೆಯ ಮೂಲಕ ಪ್ರವೇಶ. ಜೀವಶಾಸ್ತ್ರಕ್ಕೆ ಹೆದರುವವರಿಗೆ ಒಂದು ಸಮಾಧಾನ ಇಲ್ಲಿದೆ. ನೆಸ್ಟ್‌ನಲ್ಲಿ ನಾಲ್ಕು ವಿಭಾಗಗಳ ಪೈಕಿ ನಿಮಗೆ ಹೆಚ್ಚು ಅಂಕ ಬಂದ ಮೂರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಪದ್ಧತಿ ಇದೆ.

ಜೆಇಇ ಅಡ್ವಾನ್ಸ್‌ಡ್ ಬರೆಯುವವರಿಗೆ ಐಐಟಿಗಳಲ್ಲಿ ಎರಡು ಬಗೆಯ ಬಾಗಿಲು. ಕಾನ್ಪುರ ಮುಂತಾದ ಕಡೆ ನಾಲ್ಕು ವರ್ಷದ ಬಿಎಸ್ ಫಿಸಿಕ್ಸ್. ಇನ್ನು ಕೆಲವೆಡೆ ಎಂಜಿನಿಯರಿಂಗ್ ಫಿಸಿಕ್ಸ್ ಎಂಬ ಬಿಟೆಕ್, ಇದು ನಮ್ಮ ಧಾರವಾಡದ ಐಐಟಿಯಲ್ಲೂ ಇದೆ. ಎಂಜಿನಿಯರಿಂಗ್ ಫಿಸಿಕ್ಸಿನಲ್ಲಿ ಕ್ವಾಂಟಮ್, ವಿದ್ಯುತ್ಕಾಂತತೆ, ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ ಪೂರ್ತಿ ಇರುತ್ತವೆ, ಜೊತೆಗೆ ಎಲೆಕ್ಟ್ರಾನಿಕ್ಸ್, ಪ್ರೋಗ್ರಾಮಿಂಗ್, ವರ್ಕ್‌ಶಾಪ್. ಮಗ ಎಂಜಿನಿಯರ್ ಆಗಲಿ ಎಂಬ ತಂದೆ, ಫಿಸಿಕ್ಸೇ ಓದುತ್ತೇನೆ ಎಂಬ ಮಗ, ಇಬ್ಬರೂ ಒಪ್ಪಬಹುದಾದ ಪದವಿ ಇದೊಂದೇ ಎಂದು ನನಗೆ ಅನೇಕ ಸಲ ಅನ್ನಿಸಿದೆ. ಬಾಹ್ಯಾಕಾಶ ಇಲಾಖೆ ತಿರುವನಂತಪುರದಲ್ಲಿ ನಡೆಸುವ ಐಐಎಸ್‌ಟಿಯಲ್ಲೂ ಎಂಜಿನಿಯರಿಂಗ್ ಫಿಸಿಕ್ಸ್ ಸೇರಿದ ಐದು ವರ್ಷದ ಜೋಡಿ ಪದವಿ ಇದೆ.

ಗಣಿತದಲ್ಲಿ ಮನಸ್ಸು ಮುಳುಗಿದವರು ಚೆನ್ನೈ ಗಣಿತ ಸಂಸ್ಥೆ, ಅಂದರೆ ಸಿಎಂಐ, ಕೊಡುವ ಗಣಿತ ಮತ್ತು ಭೌತಶಾಸ್ತ್ರದ ಬಿಎಸ್ಸಿ ಆನರ್ಸ್ ನೋಡಿ. ಅಲ್ಲಿಗೆ ಜೆಇಇ ಬೇಕಿಲ್ಲ, ಸ್ವಂತ ಪ್ರವೇಶ ಪರೀಕ್ಷೆ ಇದೆ, ಸಾಧನೆ ತೋರಿಸಬೇಕಾದದ್ದು ಗಣಿತದಲ್ಲಿ. ಸೈದ್ಧಾಂತಿಕ ಭೌತಶಾಸ್ತ್ರವೇ ಗುರಿ ಎನ್ನುವವರಿಗೆ ಇಷ್ಟು ಹೇಳಿ ಮಾಡಿಸಿದ ಪದವಿ ದೇಶದಲ್ಲಿ ಬೇರೆ ಕಡೆ ಸಿಗುವುದು ಕಷ್ಟ. ಆದರೆ ಉಪಕರಣ ಹಿಡಿಯುವ ಆಸೆ ಇರುವವರು ಅಲ್ಲಿಗೆ ಹೋಗುವ ಮೊದಲು ಎರಡು ಸಲ ಯೋಚಿಸಿ. ದೆಹಲಿ ವಿಶ್ವವಿದ್ಯಾಲಯದ ಹಿಂದೂ, ಮಿರಾಂಡಾ ಹೌಸ್‌ನಂಥ ಕಾಲೇಜುಗಳ ಫಿಸಿಕ್ಸ್ ಆನರ್ಸಿಗೆ ಸಿಯುಇಟಿ ಬರೆಯಬೇಕು.

ಒಂದು ಸಂಸ್ಥೆಯ ಬಗ್ಗೆ ವಿಶೇಷವಾಗಿ ಹೇಳಬೇಕು. ಮೈಸೂರಿನ ಮಾನಸಗಂಗೋತ್ರಿಯ ಪಕ್ಕದಲ್ಲಿ ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ, ಆರ್‌ಐಇ ಎಂದೇ ಎಲ್ಲರೂ ಕರೆಯುತ್ತಾರೆ. 1963ರಲ್ಲಿ ಶುರುವಾದದ್ದು. ಬಿಎಸ್ಸಿ ಮತ್ತು ಬಿಎಡ್ ಎರಡನ್ನೂ ನಾಲ್ಕು ವರ್ಷದಲ್ಲಿ ಒಟ್ಟಿಗೆ ಮುಗಿಸುವ ಪದವಿ ಅಲ್ಲಿದೆ. ಬೇರೆಯಾಗಿ ಓದಿದರೆ ಮೂರು ಮತ್ತು ಎರಡು, ಐದು ವರ್ಷ ಬೇಕು. ನಮ್ಮ ಹಳ್ಳಿಯ ಪ್ರೌಢಶಾಲೆಗಳಿಗೆ ಚೆನ್ನಾಗಿ ಭೌತಶಾಸ್ತ್ರ ಬಲ್ಲ, ಪ್ರಯೋಗ ಮಾಡಿ ತೋರಿಸುವ ಶಿಕ್ಷಕರು ಬೇಕಾಗಿದ್ದಾರೆ. ನಿಮ್ಮಲ್ಲಿ ಯಾರಿಗಾದರೂ ಕಲಿಸುವುದರಲ್ಲಿ ಸಂತೋಷವಿದ್ದರೆ, ಪಕ್ಕದವನಿಗೆ ಲೆಕ್ಕ ಹೇಳಿಕೊಡುವಾಗ ನಿಮಗೇ ಅದು ಇನ್ನಷ್ಟು ತಿಳಿಯಿತು ಎನ್ನಿಸಿದ್ದರೆ, ಈ ದಾರಿಯನ್ನು ಎರಡನೆಯ ದರ್ಜೆಯದು ಎಂದು ಯಾರು ಹೇಳಿದರೂ ನಂಬಬೇಡಿ.

ತಾರೀಕಿನ ಮಾತು. ಪಿಯು ಫಲಿತಾಂಶ ಬಂದ ಮೇಲೆ ಯೋಚಿಸೋಣ ಎಂದು ಕೂತವರಿಗೆ ಮೇಲಿನ ಬಾಗಿಲುಗಳಲ್ಲಿ ಹೆಚ್ಚಿನವು ಸಿಗುವುದಿಲ್ಲ. ಐಎಟಿ, ನೆಸ್ಟ್, ಸಿಎಂಐ, ಸಿಯುಇಟಿ ಅರ್ಜಿಗಳು ವರ್ಷದ ಮೊದಲ ತಿಂಗಳುಗಳಲ್ಲಿ, ನೀವು ವಾರ್ಷಿಕ ಪರೀಕ್ಷೆಯ ಗಡಿಬಿಡಿಯಲ್ಲಿರುವಾಗಲೇ ತೆರೆದು ಮುಚ್ಚುತ್ತವೆ. ಪರೀಕ್ಷೆಗಳು ಮೇ, ಜೂನ್ ಆಸುಪಾಸಿನಲ್ಲಿ ನಡೆಯುತ್ತವೆ. ಜನವರಿಯಿಂದಲೇ ವಾರಕ್ಕೊಮ್ಮೆ ಆಯಾ ಸಂಸ್ಥೆಯ ಪ್ರಕಟಣೆ ನೋಡಿ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಆದ್ದರಿಂದ ನನ್ನ ಮಾತನ್ನೂ ಅಲ್ಲಿನ ಪ್ರಕಟಣೆಯ ಜೊತೆ ಹೋಲಿಸಿ ನೋಡಿಕೊಳ್ಳಿ. ಊರಿನ ಬಿಎಸ್ಸಿಗೆ ಯುಯುಸಿಎಂಎಸ್ ಪೋರ್ಟಲ್ಲಿನಲ್ಲಿ ಅರ್ಜಿ ಹಾಕುವುದು ಇವೆಲ್ಲದರ ನಂತರ ಬರುತ್ತದೆ, ಅದು ಕೈತಪ್ಪುವ ಭಯವಿಲ್ಲ.

ಈಗ ಲ್ಯಾಬಿನ ಮಾತಿಗೆ ಬರುತ್ತೇನೆ. ಪದವಿ ಆರಿಸುವಾಗ ಯಾರೂ ಕೇಳದ, ಎಲ್ಲರೂ ಮೊದಲು ಕೇಳಬೇಕಾದ ವಿಷಯ ಇದು. ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ, ಫಿಸಿಕ್ಸ್ ಲ್ಯಾಬನ್ನು ತೋರಿಸಿ ಎಂದು ಕೇಳಿ. ಸ್ಪೆಕ್ಟ್ರೋಮೀಟರ್ ಎಷ್ಟು ಇವೆ? ಒಂದು ಬ್ಯಾಚಿನಲ್ಲಿ ಎಷ್ಟು ಮಕ್ಕಳು? ಸೋಡಿಯಂ ದೀಪ ಉರಿಯುತ್ತದೆಯೇ? ಟ್ರಾವೆಲಿಂಗ್ ಮೈಕ್ರೋಸ್ಕೋಪಿನ ವರ್ನಿಯರ್ ಸವೆದು ಹೋಗಿದೆಯೇ? ಈ ಪ್ರಶ್ನೆಗಳಿಗೆ ಬರುವ ಉತ್ತರ ಆ ವಿಭಾಗದ ಬಗ್ಗೆ ಎಲ್ಲವನ್ನೂ ಹೇಳುತ್ತದೆ. ನಾಲ್ಕು ಜನ ಒಂದು ಉಪಕರಣದ ಸುತ್ತ ನಿಂತು, ಒಬ್ಬರು ಓದಿ ಹೇಳಿ, ಉಳಿದವರು ಬರೆದುಕೊಳ್ಳುವ ಲ್ಯಾಬಿನಲ್ಲಿ ಮೂರು ವರ್ಷ ಕಳೆದವರಿಗೆ ಪ್ರಯೋಗ ಎಂದರೆ ರೆಕಾರ್ಡ್ ಪುಸ್ತಕ ತುಂಬುವ ಕೆಲಸ ಎಂಬ ಭಾವನೆ ಬರುತ್ತದೆ.

ನಿಜವಾದ ಪ್ರಯೋಗ ಹೇಗಿರುತ್ತದೆ ಎಂದು ಒಂದು ಉದಾಹರಣೆ ಕೊಡುತ್ತೇನೆ. ನ್ಯೂಟನ್ ಉಂಗುರಗಳ ಪ್ರಯೋಗ ನಿಮಗೆ ಎರಡನೆಯ ವರ್ಷದ ಹೊತ್ತಿಗೆ ಬರುತ್ತದೆ. ಗಾಜಿನ ತಟ್ಟೆಯ ಮೇಲೆ ಉಬ್ಬು ಮಸೂರವನ್ನಿಟ್ಟು, ಸೋಡಿಯಂ ದೀಪದ ಹಳದಿ ಬೆಳಕು ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕಪ್ಪು ಹಳದಿ ಉಂಗುರಗಳು ಒಂದರೊಳಗೊಂದು ಕಾಣುತ್ತವೆ. ಉಂಗುರಗಳ ವ್ಯಾಸ ಅಳೆದು ಬೆಳಕಿನ ತರಂಗದೂರವನ್ನು ಲೆಕ್ಕ ಹಾಕಬೇಕು. ಸರಿಯಾಗಿ ಅಳೆದರೆ 589 ನ್ಯಾನೋಮೀಟರಿನ ಹತ್ತಿರ ಬರುತ್ತದೆ. ಕೂದಲೆಳೆಗಿಂತ ನೂರು ಪಟ್ಟು ಚಿಕ್ಕದನ್ನು ಕೈಯಿಂದ ತಿರುಗಿಸುವ ಸ್ಕ್ರೂ ಹಿಡಿದು ಅಳೆದ ಖುಷಿ ಆ ದಿನ ಸಿಗುತ್ತದೆ. ಆದರೆ ಉತ್ತರ ಮೊದಲೇ ಗೊತ್ತಿರುವುದರಿಂದ ಅನೇಕರು ಅಳತೆಯನ್ನೇ ತಿದ್ದಿ 589 ತರುತ್ತಾರೆ. ಹಾಗೆ ಮಾಡಬೇಡಿ. ನಿಮಗೆ 612 ಬಂದರೆ 612 ಎಂದೇ ಬರೆಯಿರಿ. ಯಾಕೆ ಬಂತು ಎಂದು ಹುಡುಕಿ. ಸ್ಕ್ರೂವನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿದ್ದರಿಂದ ಬಂದ ತಪ್ಪೋ, ಉಂಗುರಗಳನ್ನು ಎಣಿಸುವಲ್ಲಿ ಒಂದು ಬಿಟ್ಟುಹೋಯಿತೋ, ಮಸೂರದ ವಕ್ರತಾ ತ್ರಿಜ್ಯವೇ ತಪ್ಪೋ? ಈ ಹುಡುಕಾಟವೇ ಭೌತಶಾಸ್ತ್ರದ ತರಬೇತಿ. ಇದನ್ನು ಮಾಡಲು ಬಿಡುವ ಅಧ್ಯಾಪಕರು ಇರುವ ಕಾಲೇಜು ಯಾವ ಊರಿನಲ್ಲಿದ್ದರೂ ಒಳ್ಳೆಯ ಕಾಲೇಜು. ನಾಲ್ಕು ಸಲ ತಪ್ಪು ಉತ್ತರ ಬರೆದ ವಿದ್ಯಾರ್ಥಿಗೆ ಅಂಕ ಕಳೆಯುವ ಬದಲು ಐದನೆಯ ಸಲಕ್ಕೆ ದೀಪ ಹಚ್ಚಿಕೊಟ್ಟ ಲ್ಯಾಬ್ ಸಹಾಯಕರನ್ನೂ ನಾನು ಕಂಡಿದ್ದೇನೆ. ಅಂಥವರ ಋಣ ದೊಡ್ಡದು.

ಇನ್ನು ಮನೆಯವರ ಪ್ರಶ್ನೆ. ಬಿಎಸ್ಸಿ ಫಿಸಿಕ್ಸ್ ಮುಗಿದ ದಿನವೇ ದೊಡ್ಡ ಸಂಬಳದ ಕೆಲಸ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ, ಯಾರಾದರೂ ಹೇಳಿದರೆ ನಂಬಬೇಡಿ. ಇದು ಇನ್ನೂ ಕೆಲವು ವರ್ಷ ಓದಿಸುವ ವಿದ್ಯೆ. ಬಿಎಸ್ಸಿಯ ನಂತರ ಜಾಮ್ ಬರೆದು ಐಐಟಿಗಳಲ್ಲಿ ಎಂಎಸ್ಸಿಗೆ, ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಹೋಗಬಹುದು. ಜೆಸ್ಟ್ ಎಂಬ ಇನ್ನೊಂದು ಪರೀಕ್ಷೆ ಬರೆದು ಸಂಶೋಧನಾ ಸಂಸ್ಥೆಗಳಿಗೆ ಪ್ರಯತ್ನಿಸಬಹುದು. ಎಂಎಸ್ಸಿಯ ನಂತರ ಭಾಭಾ ಅಣು ಸಂಶೋಧನಾ ಕೇಂದ್ರದ ತರಬೇತಿ ಶಾಲೆ, ಇಸ್ರೋ, ಕಾಲೇಜು ಅಧ್ಯಾಪನ ಇವೆ. ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ರೋಗಿಗೆ ಕೊಡುವ ವಿಕಿರಣದ ಪ್ರಮಾಣ ಲೆಕ್ಕ ಹಾಕುವವರು ಮೆಡಿಕಲ್ ಫಿಸಿಸಿಸ್ಟ್‌ಗಳು. ಎಂಎಸ್ಸಿ ಫಿಸಿಕ್ಸ್ ಮುಗಿಸಿ ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾ ಮಾಡಿದವರಿಗೆ ಆ ಕೆಲಸ. ಇದು ಎಷ್ಟೋ ಮನೆಗಳಲ್ಲಿ ಗೊತ್ತೇ ಇಲ್ಲ. ನಾಲ್ಕು ವರ್ಷದ ಪದವಿಯಲ್ಲಿ ಶೇಕಡ 75 ಪಡೆದವರು ನೇರ ಪಿಎಚ್‌ಡಿಗೆ ಅರ್ಜಿ ಹಾಕಲು ಯುಜಿಸಿಯ 2022ರ ನಿಯಮ ಅವಕಾಶ ಕೊಡುತ್ತದೆ. ಮೂರು ವರ್ಷದ ಬಿಎಸ್ಸಿ ಮಾಡಿದ ನೀವು ಎಂಎಸ್ಸಿ ಮುಗಿಸಿ ಅದೇ ಜಾಗಕ್ಕೆ ಬರುತ್ತೀರಿ. ಒಂದೆರಡು ವರ್ಷದ ವ್ಯತ್ಯಾಸ, ಅಷ್ಟೇ.

ಹಣದ ಚಿಂತೆ ಇರುವ ಮನೆಗಳಿಗೆ ಇನ್‌ಸ್ಪೈರ್ ವಿದ್ಯಾರ್ಥಿವೇತನದ ವಿಷಯ ಹೇಳಬೇಕು. ಮಂಡಳಿ ಪರೀಕ್ಷೆಯಲ್ಲಿ ಮೇಲಿನ ಶೇಕಡ 1ರೊಳಗೆ ಬಂದು ಮೂಲ ವಿಜ್ಞಾನ ಓದುವವರಿಗೆ ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಕೊಡುವ ವರ್ಷಕ್ಕೆ 80,000 ರೂಪಾಯಿಯ ಯೋಜನೆ ಅದು, ಅದರಲ್ಲಿ 20,000 ಬೇಸಿಗೆ ಪ್ರಾಜೆಕ್ಟಿಗೆ. ಬಿಇ ಸೇರಿದವರಿಗೆ ಅದು ಸಿಗುವುದಿಲ್ಲ, ಬಿಎಸ್ಸಿ ಸೇರಿದವರಿಗೆ ಸಿಗುತ್ತದೆ. ಅಂಕಪಟ್ಟಿ ಕೈಗೆ ಬಂದ ಕೂಡಲೇ ಅರ್ಹತೆಯ ಬಗ್ಗೆ ವಿಚಾರಿಸಿ.

ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಯಲ್ಲಿ ಇಂಗ್ಲಿಷಿನೊಡನೆ ಗುದ್ದಾಡುತ್ತಿರುವ ನಿಮಗೆ ಒಂದು ಮಾತು. ಈ ಕಷ್ಟ ಪಿಯುಸಿಯ ಎರಡು ವರ್ಷದ್ದು, ನಿಮ್ಮ ಬುದ್ಧಿಯ ಅಳತೆ ಅಲ್ಲ. ಒಂದು ಸಮೀಕರಣವನ್ನು ಕನ್ನಡದಲ್ಲಿ ಯೋಚಿಸಿ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಬರೆಯುವುದು ಯಾವ ಪರೀಕ್ಷೆಯಲ್ಲೂ ತಪ್ಪಲ್ಲ. ತರಗತಿಯಲ್ಲಿ ಕನ್ನಡದಲ್ಲೇ ಪ್ರಶ್ನೆ ಕೇಳಿ. ನಮ್ಮ ಅಧ್ಯಾಪಕರಲ್ಲಿ ಬಹುಪಾಲು ಜನ ನಿಮ್ಮ ಹಾಗೆಯೇ ಬಂದವರು. ಹೆಣ್ಣುಮಕ್ಕಳನ್ನು ಪುಣೆಗೋ ಭುವನೇಶ್ವರಕ್ಕೋ ಕಳಿಸುವುದು ಹೇಗೆ ಎಂದು ಯೋಚಿಸುವ ತಂದೆ ತಾಯಿಯರೇ, ಈ ಸಂಸ್ಥೆಗಳಲ್ಲಿ ಆವರಣದೊಳಗೇ ಹಾಸ್ಟೆಲ್ ಇದೆ. ಒಮ್ಮೆ ಹೋಗಿ ನೋಡಿ ಬನ್ನಿ, ಆಮೇಲೆ ತೀರ್ಮಾನಿಸಿ. ನೋಡದೆ ಬೇಡ ಎನ್ನಬೇಡಿ.

ವಿದ್ಯಾರ್ಥಿಗಳೇ, ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಮನಸ್ಸಿನಲ್ಲಿರುವ ಎರಡು ಪದವಿಗಳ ಪಠ್ಯಕ್ರಮವನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಿ. ಒಂದು ನಿಮ್ಮ ಜಿಲ್ಲೆಯ ವಿಶ್ವವಿದ್ಯಾಲಯದ್ದಾಗಿರಲಿ, ಇನ್ನೊಂದು ಐಸರ್‌ನದ್ದೋ ಐಐಟಿಯದ್ದೋ ಆಗಿರಲಿ. ಗಣಿತದ ಪತ್ರಿಕೆಗಳು ಎಷ್ಟು, ಲ್ಯಾಬಿನ ಗಂಟೆಗಳು ಎಷ್ಟು, ಕ್ವಾಂಟಮ್ ಮೆಕ್ಯಾನಿಕ್ಸ್ ಯಾವ ಸೆಮಿಸ್ಟರಿನಲ್ಲಿ ಶುರು, ಕೊನೆಯ ವರ್ಷ ಪ್ರಾಜೆಕ್ಟ್ ಇದೆಯೋ ಇಲ್ಲವೋ ಎಂದು ಗುರುತು ಹಾಕಿ. ಆ ಹಾಳೆಗಳನ್ನು ನಿಮ್ಮ ಫಿಸಿಕ್ಸ್ ಲೆಕ್ಚರರ್ ಹತ್ತಿರ ತೆಗೆದುಕೊಂಡು ಹೋಗಿ ಅರ್ಧ ಗಂಟೆ ಕೂತು ಮಾತಾಡಿ. ಆಮೇಲೆ ಅರ್ಜಿ ತುಂಬಿ.

ಇತಿ,
ನಿಮ್ಮ ವಿಶ್ವಾಸಿ,
ಒಬ್ಬ ಭೌತಶಾಸ್ತ್ರ ಅಧ್ಯಾಪಕ